ಹಳೇ ಸೆಂಟ್‌ಓಎಸ್ ಮೇಲೆ ಹೊಸ ಡೇಟಾಬೇಸ್ ಹಾಕಬಹುದಾ?

ಪ್ರಶ್ನೆ: ಸಣ್ಣದೊಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕದ ಕೆಲಸ ನನ್ನದು. ಕಂಪ್ಯೂಟರ್ ಉಸ್ತುವಾರಿಯೂ ನನ್ನ ಮೇಲೇ ಇದೆ. ನಮ್ಮ ಸರ್ವರ್‌ನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಸೆಂಟ್‌ಓಎಸ್ 7, ಅದರಲ್ಲಿ ಪೋಸ್ಟ್‌ಗ್ರೆಸ್ 9.6 ಡೇಟಾಬೇಸ್. ಲೆಕ್ಕದ ಸಾಫ್ಟ್‌ವೇರ್ ಕೊಟ್ಟವರು ಈಗ ಪೋಸ್ಟ್‌ಗ್ರೆಸ್ 16 ಬೇಕೇ ಬೇಕು ಅನ್ನುತ್ತಿದ್ದಾರೆ. ಸಾಫ್ಟ್‌ವೇರ್ ಹೊಸದು ಮಾಡುವ ‘ಯಮ್ ಅಪ್‌ಡೇಟ್’ ಕಮಾಂಡ್ ಕೊಟ್ಟರೆ ಮಿರರ್ (ಪ್ಯಾಕೇಜ್ ಇಳಿಸಿಕೊಳ್ಳುವ ತಾಣ) ವಿಳಾಸ ಸಿಗುತ್ತಿಲ್ಲ ಎಂಬ ಎರರ್ ಬರುತ್ತದೆ. ಪರಿಚಯದ ಹುಡುಗನೊಬ್ಬ ‘ರೆಪೊ (ಪ್ಯಾಕೇಜ್‌ಗಳ ಸಂಗ್ರಹ) ವಿಳಾಸ ಬದಲಿಸಿದರೆ ಸಾಕು, ಇದೇ ಮಷೀನ್‌ನಲ್ಲಿ ಹಾಕಿಕೊಡ್ತೀನಿ’ ಅಂದಿದ್ದಾನೆ. ಹಾಕಿಸಬಹುದಾ? ಡೇಟಾ ಸುಮಾರು 30 ಜಿಬಿ ಇದೆ.
—ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ದಯವಿಟ್ಟು ಹಾಕಿಸಬೇಡಿ. ಕಾರಣ ಹೇಳುತ್ತೇನೆ.

ನಿಮಗೆ ಬರುತ್ತಿರುವ ಎರರ್ ಇಂಟರ್ನೆಟ್ ತೊಂದರೆಯಿಂದ ಬಂದದ್ದಲ್ಲ. ಸೆಂಟ್‌ಓಎಸ್ 7ರ ಅವಧಿ 2024ರ ಜೂನ್ 30ಕ್ಕೆ ಮುಗಿಯಿತು. ಆಮೇಲೆ ಅದರ ಮಿರರ್ ವಿಳಾಸವನ್ನೇ ತೆಗೆದುಹಾಕಿದರು. ಹಳೇ ಪ್ಯಾಕೇಜ್‌ಗಳೆಲ್ಲ ‘ವಾಲ್ಟ್’ ಎಂಬ ಉಗ್ರಾಣದಲ್ಲಿವೆ. ಆ ಹುಡುಗ ಹೇಳುತ್ತಿರುವುದು ಅದರ ವಿಳಾಸ. ಅದನ್ನು ಹಾಕಿದರೆ ಎರರ್ ಹೋಗುತ್ತದೆ, ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ಉಗ್ರಾಣಕ್ಕೆ ಹೊಸದು ಏನೂ ಬರುವುದಿಲ್ಲ. ನಾಳೆ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ ಭದ್ರತೆಯ ಒಂದು ತೂತು ಸಿಕ್ಕಿದರೆ ಅದನ್ನು ಮುಚ್ಚುವ ಪ್ಯಾಚ್ ನಿಮಗೆ ಅಲ್ಲಿ ಸಿಗುವುದಿಲ್ಲ. ನಿಮ್ಮ ಪೋಸ್ಟ್‌ಗ್ರೆಸ್ 9.6ರ ಕಥೆಯೂ ಅಷ್ಟೆ, 2021ರ ನವೆಂಬರ್‌ನಲ್ಲೇ ಮುಗಿದಿದೆ.

ಇನ್ನೊಂದು ಅಡ್ಡಿಯಿದೆ. ಪೋಸ್ಟ್‌ಗ್ರೆಸ್ ಬಳಗದ ರೆಪೊದಲ್ಲಿ ಸೆಂಟ್‌ಓಎಸ್ 7ಕ್ಕೆ ಸಿಗುವ ಕೊನೆಯ ಆವೃತ್ತಿ 15. ನಿಮಗೆ ಬೇಕಾದ 16ನ್ನು ಅವರು ಅದಕ್ಕೆ ಕಟ್ಟಿಕೊಡಲೇ ಇಲ್ಲ. ಸೋರ್ಸ್ (ಮೂಲ ಕೋಡ್) ತಂದು ನಾವೇ ಕಂಪೈಲ್ ಮಾಡಬಹುದು, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಳ್ಳಬಹುದು, ನಿಜ. ಆದರೆ ಪೋಸ್ಟ್‌ಗ್ರೆಸ್‌ಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸಣ್ಣ ಅಪ್‌ಡೇಟ್ ಬರುತ್ತದೆ. ಪ್ರತಿ ಸಲವೂ ಕಂಪೈಲ್ ಮಾಡುವವರು ಯಾರು? ಆ ಹುಡುಗ ಬೇರೆ ಊರಿಗೆ ಕೆಲಸಕ್ಕೆ ಹೋದರೆ ಕಷ್ಟ ಅಲ್ವಾ?

ಹಾಗಾಗಿ ಡೇಟಾಬೇಸ್‌ಗಿಂತ ಮೊದಲು ಅದರ ಕೆಳಗಿನ ನೆಲ ಬದಲಾಗಬೇಕು. ಬೇರೆ ಮಷೀನ್ ತೆಗೆದುಕೊಳ್ಳಿ, ಅಥವಾ ಒಂದು ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಮಾಡಿಸಿ. ಅದಕ್ಕೆ ಸೆಂಟ್‌ಓಎಸ್ ಬಗೆಯದೇ ಆದ ರಾಕಿ ಲಿನಕ್ಸ್ 9 ಇಲ್ಲವೇ ಆಲ್ಮಾ ಲಿನಕ್ಸ್ 9 ಹಾಕಿ. ಎರಡೂ ಉಚಿತ, ಎರಡಕ್ಕೂ 2032ರ ಮೇ ತನಕ ಸೆಕ್ಯುರಿಟಿ ಅಪ್‌ಡೇಟ್ ಇದೆ. ಒಂದು ಎಚ್ಚರಿಕೆ: ತುಂಬಾ ಹಳೇ ಪ್ರೊಸೆಸರ್‌ನಲ್ಲಿ ಆವೃತ್ತಿ 9 ಬೂಟ್ ಆಗುವುದೇ ಇಲ್ಲ. ವರ್ಚುವಲ್ ಮಷೀನ್‌ನಲ್ಲಿ ಸಿಪಿಯು ಬಗೆಯನ್ನು ಹಳೇದಕ್ಕೆ ಇಟ್ಟಿದ್ದರೂ ಹೀಗೇ ಆಗುತ್ತದೆ. ಸೆಂಟ್‌ಓಎಸ್ 7ನ್ನೇ ಇದ್ದಲ್ಲೇ ಹೊಸ ಆವೃತ್ತಿಗೆ ಏರಿಸುವ ‘ಎಲಿವೇಟ್’ ಎಂಬ ಸಾಧನವೂ ಇದೆ. ಆದರೆ ಜನರ ಠೇವಣಿಯ ಲೆಕ್ಕ ಇರುವ ಮಷೀನ್ ಮೇಲೆ ನಾನಂತೂ ಅದನ್ನು ಓಡಿಸುವುದಿಲ್ಲ. ನಡುವೆ ನಿಂತರೆ ಹಿಂದಕ್ಕೆ ಬರುವ ದಾರಿ ಇರುವುದಿಲ್ಲ. ಹೊಸ ಮಷೀನ್ ಇದ್ದರೆ ಹಳೇದು ಮುಟ್ಟದೆ ಹಾಗೇ ಉಳಿಯುತ್ತದೆ.

ಈಗ ತುಂಬಾ ಮುಖ್ಯವಾದ ಮಾತು. ಇದೇ ಮಷೀನ್‌ನಲ್ಲಿ 15ಕ್ಕೆ ಏರಿಸಿ, ಆಮೇಲೆ ಡೇಟಾ ಫೋಲ್ಡರನ್ನು ಹೊಸ ಮಷೀನ್‌ಗೆ ಕಾಪಿ ಮಾಡೋಣ ಅಂತ ಯಾರಾದರೂ ಹೇಳಬಹುದು. ಒಪ್ಪಬೇಡಿ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎನ್ನುವುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ನ ಜಿಲಿಬ್‌ಸಿ ಎಂಬ ಲೈಬ್ರರಿಯನ್ನು ಕೇಳುತ್ತದೆ. ಸೆಂಟ್‌ಓಎಸ್ 7ರಲ್ಲಿ ಇರುವುದು ಜಿಲಿಬ್‌ಸಿ 2.17. ಮುಂದೆ 2018ರಲ್ಲಿ ಬಂದ 2.28ರಲ್ಲಿ ಈ ಕ್ರಮವೇ ಬದಲಾಯಿತು. ಹಳೇದರಲ್ಲಿ ‘11’ ಮೊದಲು, ‘1-1’ ಆಮೇಲೆ. ಹೊಸದರಲ್ಲಿ ‘1-1’ ಮೊದಲು. ನಿಮ್ಮ ಖಾತೆ ನಂಬರ್‌ಗಳಲ್ಲಿ ಅಡ್ಡಗೆರೆ ಇರಬಹುದು, ಸ್ವಲ್ಪ ನೋಡಿಕೊಳ್ಳಿ.

ಇಂಡೆಕ್ಸ್ ಅಂದರೆ ನಿಘಂಟಿನ ಹಾಗೆ, ಕ್ರಮವನ್ನು ನಂಬಿ ಹುಡುಕುವ ಪಟ್ಟಿ. ‘ಅಂಗಳ’ದಂಥ ಅನುಸ್ವಾರದ ಪದಗಳು ಮೊದಲೇ ಬರುತ್ತವೆ ಅಂತ ನಂಬಿದವನ ಕೈಗೆ, ಅವನ್ನು ಕೊನೆಗೆ ಹಾಕಿದ ನಿಘಂಟು ಕೊಟ್ಟರೆ ಏನಾಗುತ್ತದೆ? ಪದ ಪುಸ್ತಕದಲ್ಲೇ ಇದ್ದರೂ ಇಲ್ಲ ಅನ್ನುತ್ತಾನೆ. ಡೇಟಾಬೇಸ್‌ನಲ್ಲೂ ಹಾಗೇ. ಇರುವ ಖಾತೆ ಹುಡುಕಿದರೆ ಸಿಗುವುದಿಲ್ಲ. ಒಂದೇ ನಂಬರ್‌ನ ಎರಡು ಖಾತೆ ಸೇರಿಕೊಂಡರೂ ಯೂನಿಕ್ ಇಂಡೆಕ್ಸ್ ತಡೆಯದೇ ಹೋಗಬಹುದು. ಕೆಲಸ ನಿಲ್ಲುವಂಥ ಎರರ್ ಬರದೇ ಇರುವುದರಿಂದ ಇದು ವಾರಗಟ್ಟಲೆ ಗೊತ್ತೇ ಆಗದಿರಬಹುದು. ಆ ನೋವು ನಿಮಗೆ ಬೇಡ ಅಂತಲೇ ಇಷ್ಟು ಬಿಡಿಸಿ ಬರೆದೆ. ಡೇಟಾಬೇಸ್‌ನ ಲೊಕೇಲ್ (ಭಾಷೆ, ಅಕ್ಷರ ಕ್ರಮದ ಸೆಟ್ಟಿಂಗ್) ‘ಸಿ’ ಅಂತ ಇದ್ದರೆ ಈ ತೊಂದರೆ ಇಲ್ಲ, ಆದರೆ ಅದನ್ನು ನಂಬಿ ಕೂರಬೇಡಿ.

ಇದಕ್ಕೆ ಸುರಕ್ಷಿತ ದಾರಿ ಡಂಪ್ ಮತ್ತು ರಿಸ್ಟೋರ್. ಡೇಟಾ ಹೊರಗೆ ಬಂದು ಮತ್ತೆ ಒಳಗೆ ಹೋಗುವಾಗ ಇಂಡೆಕ್ಸ್‌ಗಳೆಲ್ಲ ಹೊಸ ಕ್ರಮದಲ್ಲೇ ಹುಟ್ಟುತ್ತವೆ. ಡಂಪ್ ತೆಗೆಯಲು ಹೊಸ ಮಷೀನ್‌ನಲ್ಲಿರುವ 16ರ ‘ಪಿಜಿ ಡಂಪ್’ ಕಮಾಂಡ್ ಬಳಸಿ, ನೆಟ್‌ವರ್ಕ್ ಮೂಲಕ ಹಳೇ ಸರ್ವರ್‌ಗೆ ಕನೆಕ್ಟ್ ಮಾಡಿ. ಅದು 9.2ರ ತನಕದ ಹಳೇ ಸರ್ವರ್‌ಗಳನ್ನೂ ಓದುತ್ತದೆ. ಯೂಸರ್‌ಗಳು ಮತ್ತು ಪಾಸ್‌ವರ್ಡ್‌ಗಳು ಇದರಲ್ಲಿ ಬರುವುದಿಲ್ಲ. ಅವಕ್ಕೆ ಪಿಜಿ ಡಂಪ್‌ಆಲ್ ಬೇರೆಯಾಗಿ ಓಡಿಸಬೇಕು. 30 ಜಿಬಿ ಅಂಥ ಜಾಸ್ತಿ ಏನಲ್ಲ. ರಿಸ್ಟೋರ್ ಆದ ಮೇಲೆ ‘ಅನಲೈಸ್’ (ಟೇಬಲ್‌ಗಳ ಅಂಕಿಅಂಶ ಹೊಸದಾಗಿ ತೆಗೆಯುವ ಕಮಾಂಡ್) ಕೊಡಲು ಮರೆಯಬೇಡಿ, ಇಲ್ಲದಿದ್ದರೆ ಹೊಸ ಸರ್ವರ್ ಸುಮ್ನೆ ನಿಧಾನ ಅನ್ನಿಸುತ್ತದೆ.

ಲಾಗಿನ್‌ನಲ್ಲಿ ಒಂದು ತೊಡಕು ಬರಬಹುದು. ಹಳೇ ಪಾಸ್‌ವರ್ಡ್‌ಗಳು ಎಂಡಿ5 ಎಂಬ ಹಳೇ ಗುಪ್ತ ರೂಪದಲ್ಲಿರುತ್ತವೆ, ಹೊಸ ಆವೃತ್ತಿ ಕೇಳುವುದು ಸ್ಕ್ರಾಮ್ ಎಂಬ ಹೊಸ ರೂಪ. ಲೆಕ್ಕದ ಸಾಫ್ಟ್‌ವೇರನ್ನು ಡೇಟಾಬೇಸ್‌ಗೆ ಜೋಡಿಸುವ ಡ್ರೈವರ್‌ಗೆ ಸ್ಕ್ರಾಮ್ ಬರುತ್ತದಾ ಅಂತ ಕೊಟ್ಟವರನ್ನು ಮೊದಲೇ ಕೇಳಿ. ಬರುತ್ತದೆ ಅಂದರೆ ಪಾಸ್‌ವರ್ಡ್‌ಗಳನ್ನು ಹೊಸದಾಗಿ ಹಾಕಿ.

ಇದನ್ನೆಲ್ಲ ಮೊದಲು ಒಂದು ಸಲ ತಾಲೀಮು ಮಾಡಿ. ಸಂಘದ ಕೆಲಸ ನಡೆಯುತ್ತಿರುವಾಗಲೇ ಡಂಪ್ ತೆಗೆಯಬಹುದು. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. ಎರಡೂ ಕಡೆ ಒಂದೇ ದಿನದ ತಾಳೆಪಟ್ಟಿ ತೆಗೆದು ಪೈಸೆಗೆ ಪೈಸೆ ಹೋಲಿಸಿ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುವ ಕೆಲಸ. ನಿಜವಾದ ಬದಲಾವಣೆಯ ದಿನ ಮಾತ್ರ ಎಲ್ಲರನ್ನೂ ಲಾಗ್‌ಔಟ್ ಮಾಡಿಸಿ, ಆಮೇಲೆ ಕೊನೆಯ ಡಂಪ್ ತೆಗೆಯಿರಿ. ಎರಡನೇ ಶನಿವಾರ ಸಂಜೆ ಒಳ್ಳೆಯದು, ಭಾನುವಾರ ಕೈಯಲ್ಲಿರುತ್ತದೆ. ಮಾರ್ಚ್ ಕೊನೆಯಲ್ಲಿ ಬೇಡವೇ ಬೇಡ. ಆ ಹುಡುಗನನ್ನೂ ಜೊತೆಗೆ ಕರೆಯಿರಿ, ಕಮಾಂಡ್ ಗೊತ್ತಿರುವವರು ಒಬ್ಬರು ಬೇಕಾಗುತ್ತಾರೆ.

ಹೊಸ ಮಷೀನ್ ಬರುವುದಕ್ಕೆ ತಿಂಗಳಾಗಬಹುದು. ಅಲ್ಲಿಯ ತನಕ ಹಳೇ ಸರ್ವರ್ ಹೊರಗಿನ ಇಂಟರ್ನೆಟ್‌ಗೆ ಕಾಣದ ಹಾಗೆ ಮಾಡಿಸಿ. ಪೋಸ್ಟ್‌ಗ್ರೆಸ್ ಬಳಸುವ 5432 ಪೋರ್ಟ್ ಆಫೀಸಿನ ಕಂಪ್ಯೂಟರ್‌ಗಳಿಗೆ ಮಾತ್ರ ತೆರೆದಿರಲಿ. ಮತ್ತು ಇವತ್ತು ಸಂಜೆ, ಮನೆಗೆ ಹೋಗುವ ಮೊದಲು, ಒಂದು ಡಂಪ್ ತೆಗೆದು ಬೇರೆ ಡಿಸ್ಕ್‌ನಲ್ಲಿ ಇಡಿ.