ಕೆಲಸ ಬಿಟ್ಟ ಎರಡು ವರ್ಷ, ಮಾಲೀಕರ ಅನುಮಾನ

ಪ್ರಶ್ನೆ: ನಾನು ಬಿ.ಕಾಂ. ಪದವೀಧರ. ಐದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು, ಹಾಸಿಗೆ ಹಿಡಿದ ತಂದೆಯವರನ್ನು ನೋಡಿಕೊಳ್ಳಲು ರಾಜೀನಾಮೆ ಕೊಟ್ಟೆ. ಎರಡು ವರ್ಷದ ನಂತರ ಈಗ ಮತ್ತೆ ಕೆಲಸ ಹುಡುಕುತ್ತಿದ್ದೇನೆ. ಟ್ಯಾಲಿ, ಜಿ.ಎಸ್.ಟಿ. ಕುರಿತ ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಉತ್ತರಿಸುತ್ತೇನೆ. ಆದರೆ ಸಂದರ್ಶಕರ ಪೆನ್ನು ಕೊನೆಯ ಕಂಪನಿ ಬಿಟ್ಟ ತಾರೀಖಿನ ಮೇಲೆ ನಿಂತು, ‘ಇಷ್ಟು ಗ್ಯಾಪ್ ಯಾಕೆ?’ ಎಂಬ ಪ್ರಶ್ನೆ ಬಂದೊಡನೆ ಮಾತು ಮುಗಿಯುತ್ತದೆ. ಪರಿಚಯದವರೊಬ್ಬರು ಎಲ್ಲಾದರೂ ಅನುಭವದ ಪತ್ರ ಮಾಡಿಸಿಕೋ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಇದು ನಿಮ್ಮೊಬ್ಬರ ಅನುಭವವಲ್ಲ. ಅಮೆರಿಕದ 100 ನಗರ ಪ್ರದೇಶಗಳ ಸುಮಾರು 3,000 ಹುದ್ದೆಗಳಿಗೆ 12,000ದಷ್ಟು ಕಾಲ್ಪನಿಕ ಅರ್ಜಿಗಳನ್ನು ಕಳುಹಿಸಿ ಅರ್ಥಶಾಸ್ತ್ರಜ್ಞ ಕೋರಿ ಕ್ರಾಫ್ಟ್ ಮತ್ತು ಸಂಗಡಿಗರು ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲಸವಿಲ್ಲದ ಅವಧಿ ಹೆಚ್ಚಿದಂತೆ ಸಂದರ್ಶನದ ಕರೆಗಳು ಕಡಿಮೆಯಾದವು. ಆ ಇಳಿಕೆಯ ಬಹುಪಾಲು ಮೊದಲ ಎಂಟು ತಿಂಗಳಲ್ಲೇ ಆಗಿತ್ತು. ಉದ್ಯೋಗ ಸುಲಭವಾಗಿ ಸಿಗುವ ಊರುಗಳಲ್ಲೇ ಈ ತಾರತಮ್ಯ ಹೆಚ್ಚಾಗಿದ್ದುದು ಗಮನಾರ್ಹ. ಕೆಲಸ ಧಾರಾಳವಾಗಿರುವಲ್ಲಿ ಒಬ್ಬರು ಬಹುಕಾಲ ಮನೆಯಲ್ಲಿದ್ದರೆ, ಬೇರೆಯವರೂ ಇವರನ್ನು ಬೇಡವೆಂದಿರಬೇಕು ಎಂದು ಮಾಲೀಕರು ಊಹಿಸಿಕೊಳ್ಳುತ್ತಾರೆ. ಅಭ್ಯರ್ಥಿಯ ಬಗ್ಗೆ ತಿಳಿಯದ ಸಂಗತಿಯನ್ನೇ ಅವರ ದೋಷವೆಂದು ಎಣಿಸುವ ಈ ಪದ್ಧತಿ ಅನ್ಯಾಯದ್ದು. ಹೆರಿಗೆಯ ನಂತರ ಮರಳಿ ಬರುವ ಮಹಿಳೆಯರು ಇದನ್ನು ಇನ್ನೂ ಹೆಚ್ಚಾಗಿ ಅನುಭವಿಸುತ್ತಾರೆ. ನಿರುದ್ಯೋಗಿ ಎಂಬ ಕಾರಣಕ್ಕೇ ಕೆಲಸ ನಿರಾಕರಿಸುವುದನ್ನು ನ್ಯೂಯಾರ್ಕ್ ನಗರ 2013ರಲ್ಲಿ ಕಾನೂನಿನಿಂದ ನಿಷೇಧಿಸಿತು. ನಮ್ಮಲ್ಲಿ ಅಂಥ ರಕ್ಷಣೆಯಿಲ್ಲ.

ಸುಳ್ಳು ಪತ್ರವನ್ನು ಮಾತ್ರ ದಯವಿಟ್ಟು ಮಾಡಿಸಬೇಡಿ. ಭವಿಷ್ಯನಿಧಿಯ (ಪಿ.ಎಫ್.) ಯು.ಎ.ಎನ್. ಎಂಬ ಖಾತೆ ಸಂಖ್ಯೆಯ ದಾಖಲೆಯಲ್ಲಿ ನೀವು ಯಾವ ಸಂಸ್ಥೆಗೆ ಯಾವಾಗ ಸೇರಿ ಯಾವಾಗ ಬಿಟ್ಟಿರಿ ಎಂಬುದು ಇರುತ್ತದೆ, ಮತ್ತು ಸುಳ್ಳು ಬಯಲಾದರೆ ನಿಮ್ಮ ನಿಜವಾದ ಐದು ವರ್ಷಗಳ ಮೇಲೂ ಅನುಮಾನ ಬೀಳುತ್ತದೆ. ಬದಲಿಗೆ ಅವರು ಕೇಳುವ ಮೊದಲೇ ಬಯೋಡೇಟಾದಲ್ಲಿ, ‘ತಂದೆಯವರ ಅನಾರೋಗ್ಯದ ಕಾರಣ ರಾಜೀನಾಮೆ, ಈಗ ಪೂರ್ಣಾವಧಿ ಕೆಲಸಕ್ಕೆ ಲಭ್ಯ’ ಎಂದು ತಿಂಗಳು, ವರ್ಷದ ಸಮೇತ ಒಂದೇ ಸಾಲಿನಲ್ಲಿ ಬರೆಯಿರಿ. ಸಂದರ್ಶನದಲ್ಲಿಯೂ ಅಷ್ಟನ್ನೇ ಹೇಳಿ, ಮಾತನ್ನು ನಿಮ್ಮ ಕೆಲಸದ ಕಡೆಗೆ ತಿರುಗಿಸಿ; ಮನೆಯ ಕಷ್ಟವನ್ನೆಲ್ಲ ಅವರ ಮುಂದೆ ವಿವರಿಸುವ ಅಗತ್ಯವಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಇತ್ತೀಚಿನ ಕೆಲಸದ ಗುರುತು. ನಿಮ್ಮ ಊರಿನ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕಡಿಮೆ ಸಂಬಳಕ್ಕಾದರೂ ಕೆಲವು ತಿಂಗಳು ರಿಟರ್ನ್ಸ್ ಸಲ್ಲಿಸುವ ಕೆಲಸ ಮಾಡಿದರೆ, ನೀವು ಮರೆತಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಹಳೆಯ ಕಂಪನಿಯಲ್ಲಿ ನಿಮ್ಮ ಮೇಲಧಿಕಾರಿಯಾಗಿದ್ದವರಿಗೆ ಈ ವಾರವೇ ಫೋನ್ ಮಾಡಿ; ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ನೇರವಾಗಿ ಶಿಫಾರಸು ಮಾಡಿದಾಗ, ತಾರೀಖು ನೋಡಿಯೇ ಅರ್ಜಿಯನ್ನು ಬದಿಗಿಡುವ ಮೊದಲ ಹಂತವನ್ನು ನೀವು ದಾಟಬಹುದು.