ಅನಿಲ ತಾಪಮಾಪಕ ಕೆಲಸ ಮಾಡುವುದು ಹೇಗೆ? ಪಾದರಸದ್ದು ಇರುವಾಗ ಅದು ಯಾಕೆ ಬೇಕು?

ನಿಮ್ಮ ಪ್ರಶ್ನೆಯ ಎರಡನೇ ಭಾಗವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಯಾಕೆ ಬೇಕು ಎಂಬುದು ಗೊತ್ತಾಗದೆ ಉಪಕರಣದ ಚಿತ್ರವನ್ನಷ್ಟೇ ಕಲಿತರೆ ಅದು ತಲೆಯಲ್ಲಿ ನಿಲ್ಲುವುದಿಲ್ಲ. ಓದುವಾಗ ನನಗೂ ಹಾಗೇ ಆಗಿತ್ತು.

ಪಾದರಸದ ತಾಪಮಾಪಕಕ್ಕೆ ಗೆರೆ ಹಾಕುವುದು ಹೇಗೆ? ಕರಗುವ ಮಂಜುಗಡ್ಡೆಯಲ್ಲಿಟ್ಟು 0, ಕುದಿಯುವ ನೀರಿನ ಹಬೆಯಲ್ಲಿಟ್ಟು 100, ನಡುವಿನ ಜಾಗಕ್ಕೆ ನೂರು ಸಮಭಾಗ. ಪ್ರತಿ ಡಿಗ್ರಿಗೂ ಪಾದರಸ ಒಂದೇ ಸಮನಾಗಿ ಹಿಗ್ಗುತ್ತದೆ ಎಂದು ಇಲ್ಲಿ ನಾವು ಸುಮ್ಮನೆ ಒಪ್ಪಿಕೊಂಡಿದ್ದೇವೆ. ಅದು ನಿಜವೇ ಎಂದು ನೋಡಲು ಇನ್ನೊಂದು ತಾಪಮಾಪಕ ಬೇಕು. ಅದರ ಗೆರೆಗಳನ್ನು ಹಾಕಿದ್ದೂ ಇಂಥದೇ ನಂಬಿಕೆಯಿಂದ. ಪಾದರಸದ ಬದಲು ನೀರನ್ನೇ ತುಂಬಿದ್ದರೆ? 0ಯಿಂದ ಸುಮಾರು 4 ಡಿಗ್ರಿಯವರೆಗೆ ನೀರು ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಬಿಸಿ ಏರುತ್ತಿರುವಾಗ ನಳಿಗೆಯ ಮಟ್ಟ ಇಳಿಯುತ್ತಿರುತ್ತದೆ! ಪಾದರಸ ಅಷ್ಟು ಕೆಟ್ಟದ್ದಲ್ಲ, ಆದರೆ ಅದೂ ಒಂದು ದ್ರವ, ಅದಕ್ಕೂ ಅದರದೇ ಸ್ವಭಾವವಿದೆ.

ಗಾಜಿನದು ಇನ್ನೊಂದು ತೊಡಕು. ನೂರು ಡಿಗ್ರಿ ಏರಿದಾಗ ಪಾದರಸದ ಗಾತ್ರ ಶೇ. 1.8ರಷ್ಟು ಹೆಚ್ಚುತ್ತದೆ, ಸಾಮಾನ್ಯ ಗಾಜಿನ ಬುರುಡೆಯೊಳಗಿನ ಜಾಗವೂ ಸುಮಾರು ಶೇ. 0.25ರಷ್ಟು ಹೆಚ್ಚುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಕಾಣುವುದು ಇವೆರಡರ ವ್ಯತ್ಯಾಸ ಮಾತ್ರ. ಬೇರೆ ಬೇರೆ ಬಗೆಯ ಗಾಜಿನಲ್ಲಿ ಮಾಡಿದ ಪಾದರಸದ ತಾಪಮಾಪಕಗಳು ಹೆಚ್ಚಿನ ಬಿಸಿಯಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು 19ನೇ ಶತಮಾನದಲ್ಲೇ ಫ್ರಾನ್ಸಿನ ವಿಜ್ಞಾನಿ ರೆನ್ಯೋ ತೋರಿಸಿದ್ದರು. ಅನಿಲವಾದರೆ ಅದೇ ನೂರು ಡಿಗ್ರಿಗೆ ಶೇ. 36ಕ್ಕೂ ಹೆಚ್ಚು ಹಿಗ್ಗುತ್ತದೆ. ಅದರ ಮುಂದೆ ಗಾಜು ತರುವ ತಪ್ಪು ನೂರರಲ್ಲಿ ಒಂದು ಪಾಲೂ ಇಲ್ಲ.

ಈಗ ಉಪಕರಣಕ್ಕೆ ಬರೋಣ. ಹೆಚ್ಚು ಬಳಕೆಯಲ್ಲಿರುವುದು ಸ್ಥಿರಗಾತ್ರದ ಬಗೆ. ಒಣಗಿಸಿದ ಅನಿಲ ತುಂಬಿದ ಒಂದು ಬುರುಡೆ, ಅದರಿಂದ ಹೊರಟ ಸಪೂರ ನಳಿಗೆ, ಆ ನಳಿಗೆ ಸೇರುವುದು ಪಾದರಸವಿರುವ ಒಂದು ಕೊಳವೆಗೆ. ಈ ಕೊಳವೆಯನ್ನು ರಬ್ಬರ್ ನಳಿಗೆಯ ಮೂಲಕ, ಮೇಲೆ ಕೆಳಗೆ ಸರಿಸಬಹುದಾದ ತೆರೆದ ಕೊಳವೆಗೆ ಜೋಡಿಸಿರುತ್ತಾರೆ. ಬುರುಡೆ ಬಿಸಿಯಾದಾಗ ಅನಿಲ ಹಿಗ್ಗಲು ನೋಡುತ್ತದೆ, ಪಾದರಸವನ್ನು ಕೆಳಗೆ ತಳ್ಳುತ್ತದೆ. ನಾವು ತೆರೆದ ಕೊಳವೆಯನ್ನು ಎತ್ತಿ, ಪಾದರಸವನ್ನು ಮತ್ತೆ ಗುರುತಿನ ಗೆರೆಗೇ ತಂದು ನಿಲ್ಲಿಸುತ್ತೇವೆ. ಅನಿಲಕ್ಕೆ ಹಿಗ್ಗಲು ಜಾಗ ಸಿಗಲಿಲ್ಲ, ಹಾಗಾಗಿ ಅದರ ಒತ್ತಡ ಏರಿತು. ಎಷ್ಟು ಏರಿತು ಎಂಬುದನ್ನು ಎರಡು ಕೊಳವೆಗಳ ಪಾದರಸದ ಮಟ್ಟದ ಅಂತರ ಹೇಳುತ್ತದೆ. ಅದಕ್ಕೆ ಆ ಹೊತ್ತಿನ ವಾಯುಭಾರವನ್ನು ಕೂಡಿಸಿದರೆ ಅನಿಲದ ಪೂರ್ತಿ ಒತ್ತಡ ಸಿಕ್ಕಿತು.

ಲೆಕ್ಕ ನೋಡಿ. ವಾಯುಭಾರ 760 ಮಿ.ಮೀ. ಎಂದುಕೊಳ್ಳಿ, ಮಂಜುಗಡ್ಡೆಯಲ್ಲಿ ಎರಡೂ ಮಟ್ಟ ಸಮನಾಗಿವೆ. ಹಬೆಯಲ್ಲಿಟ್ಟಾಗ ಅಂತರ ಸುಮಾರು 278 ಮಿ.ಮೀ. ಬರುತ್ತದೆ. ಈಗ ಬಿಸಿ ಎಷ್ಟೆಂದು ತಿಳಿಯದ ದ್ರವದಲ್ಲಿಟ್ಟಾಗ 120 ಮಿ.ಮೀ. ಬಂದರೆ? 120ನ್ನು 278ರಿಂದ ಭಾಗಿಸಿ ನೂರರಿಂದ ಗುಣಿಸಿ: ಸುಮಾರು 43 ಡಿಗ್ರಿ. ಇದೇ ಲೆಕ್ಕವನ್ನು ಹಿಂದಕ್ಕೆ ನಡೆಸಿ. ಡಿಗ್ರಿಗೆ 2.78 ಮಿ.ಮೀ.ಯಂತೆ ಇಳಿಯುತ್ತಾ ಹೋದರೆ 760 ಮುಗಿಯುವುದು ಸೊನ್ನೆಗಿಂತ ಸುಮಾರು 273 ಡಿಗ್ರಿ ಕೆಳಗೆ. ನಿರಪೇಕ್ಷ ಶೂನ್ಯ ಎನ್ನುವುದು ಅದನ್ನೇ. 1700ರ ಆಸುಪಾಸಿನಲ್ಲೇ ಗಿಯೋಮ್ ಅಮೊಂತೊ ಎಂಬ ಫ್ರೆಂಚ್ ವಿಜ್ಞಾನಿ ಗಾಳಿಯ ಒತ್ತಡವನ್ನು ಗಮನಿಸುತ್ತಾ ಇಂಥದೊಂದು ತಳ ಇರಲೇಬೇಕು ಎಂದು ಊಹಿಸಿದ್ದರು. ಒಂದು ಬುರುಡೆ ಗಾಳಿ ಮತ್ತು ಒಂದು ಅಳತೆಪಟ್ಟಿಯಿಂದ ಅಲ್ಲಿಯವರೆಗೆ ಕೈ ಚಾಚಬಹುದು ಎಂಬುದು ನನಗೆ ಇಂದಿಗೂ ರೋಮಾಂಚನ.

ಹಾಗಾದರೆ ಅನಿಲಕ್ಕೆ ತನ್ನದೇ ಸ್ವಭಾವ ಇಲ್ಲವೇ? ಇದೆ. ಆಮ್ಲಜನಕ, ಸಾರಜನಕ, ಹೀಲಿಯಂ ತುಂಬಿದ ಮೂರು ತಾಪಮಾಪಕಗಳು ದಶಮಾಂಶದ ಸ್ಥಾನಗಳಲ್ಲಿ ಬೇರೆ ಬೇರೆ ಉತ್ತರ ಕೊಡುತ್ತವೆ. ಆದರೆ ಬುರುಡೆಯಲ್ಲಿನ ಅನಿಲವನ್ನು ಕಡಿಮೆ ಮಾಡುತ್ತಾ ಅದೇ ತಾಪವನ್ನು ಮತ್ತೆ ಮತ್ತೆ ಅಳೆಯಿರಿ. ಅನಿಲ ತೆಳುವಾದಂತೆ ಅದರ ಕಣಗಳು ಒಂದರಿಂದೊಂದು ದೂರವಾಗುತ್ತವೆ, ಪರಸ್ಪರ ಸೆಳೆತ ಲೆಕ್ಕಕ್ಕೆ ಸಿಗದಷ್ಟಾಗುತ್ತದೆ, ಮೂರೂ ಉತ್ತರಗಳು ಒಂದೇ ಸಂಖ್ಯೆಯತ್ತ ಬಂದು ಕೂಡುತ್ತವೆ. ಯಾವ ಅನಿಲ ಎಂಬುದೇ ಅಲ್ಲಿ ಅಳಿಸಿಹೋಗುತ್ತದೆ. ಯಾವ ದ್ರವವೂ ಕೊಡಲಾಗದ್ದು ಇದು; ನಿಮ್ಮ ‘ಯಾಕೆ’ಗೆ ನನ್ನ ಉತ್ತರವೂ ಇದೇ. ನಿರಪೇಕ್ಷ ಶೂನ್ಯದಿಂದ ಎಣಿಸುವ ಕೆಲ್ವಿನ್ ಮಾನಕ್ಕೆ 1954ರಲ್ಲಿ ಆರಿಸಿಕೊಂಡ ಆಧಾರಬಿಂದು ನೀರು, ಮಂಜುಗಡ್ಡೆ, ಆವಿ ಮೂರೂ ಒಟ್ಟಿಗಿರುವ ತ್ರಿಬಿಂದು, ಅಂದರೆ 273.16 ಕೆಲ್ವಿನ್. ಅಲ್ಲಿನ ಒತ್ತಡದ ಎಷ್ಟು ಪಟ್ಟು ಒತ್ತಡ ಬಂತೋ, 273.16ರ ಅಷ್ಟು ಪಟ್ಟು ತಾಪ. 2019ರಿಂದ ಕೆಲ್ವಿನ್‌ನ ವ್ಯಾಖ್ಯೆ ತಾಪವನ್ನು ಕಣಗಳ ಶಕ್ತಿಗೆ ಜೋಡಿಸುವ ಬೋಲ್ಟ್ಸ್‌ಮನ್ ಸ್ಥಿರಾಂಕದ ಮೇಲೆ ನಿಂತಿದೆ.

ದಿನಬಳಕೆಗೆ ಇದು ಒದಗುವುದಿಲ್ಲ: ದೊಡ್ಡದು, ನಿಧಾನ, ಪ್ರತಿ ಅಳತೆಗೂ ತಿದ್ದುಪಡಿಗಳ ಸಾಲು. ಸಪೂರ ನಳಿಗೆಯಲ್ಲಿರುವ ಅನಿಲ ಬುರುಡೆಯಷ್ಟು ಬಿಸಿಯಾಗಿರುವುದಿಲ್ಲ ಎಂಬುದೇ ದೊಡ್ಡ ತಲೆನೋವು. ಅದಕ್ಕೇ ಆ ನಳಿಗೆ ಅಷ್ಟು ಸಪೂರ. ಇದರ ಕೆಲಸ ಬೇರೆ ತಾಪಮಾಪಕಗಳಿಗೆ ಗುರುತು ಹಾಕಿಕೊಡುವುದು. 1990ರ ಅಂತರರಾಷ್ಟ್ರೀಯ ತಾಪಮಾನದ ಮಾನದಲ್ಲಿ 3 ಕೆಲ್ವಿನ್‌ನಿಂದ 24.5561 ಕೆಲ್ವಿನ್‌ವರೆಗಿನ ಕಡು ತಣ್ಣನೆಯ ಹರವಿಗೆ ಹೀಲಿಯಂ ಅನಿಲ ತಾಪಮಾಪಕವನ್ನೇ ಹೇಳಿದ್ದಾರೆ. ಉಳಿದ ಅನಿಲಗಳೆಲ್ಲ ದ್ರವವೋ ಘನವೋ ಆಗಿಬಿಡುವ ಚಳಿಯಲ್ಲೂ ಹೀಲಿಯಂ ಅನಿಲವಾಗಿಯೇ ಉಳಿಯುತ್ತದೆ.

ಪ್ರಯೋಗಾಲಯದಲ್ಲಿ ನೀವೇ ಇದನ್ನು ಮಾಡುವುದಿದ್ದರೆ ಒಂದು ಎಚ್ಚರಿಕೆ. ಹಬೆಯ ಅಳತೆ ಮುಗಿದ ಕೂಡಲೇ, ಬುರುಡೆ ತಣಿಯುವ ಮೊದಲೇ, ತೆರೆದ ಕೊಳವೆಯನ್ನು ಪೂರ್ತಿ ಕೆಳಗಿಳಿಸಿ. ವಿದ್ಯಾರ್ಥಿಯಾಗಿದ್ದಾಗ ನಾನು ಅದನ್ನು ಮರೆತೆ. ಅನಿಲ ಕುಗ್ಗಿ ಪಾದರಸ ಬುರುಡೆಯೊಳಕ್ಕೇ ನುಗ್ಗಿತು, ಆ ದಿನದ ಅಳತೆಗಳೆಲ್ಲ ಹಾಳಾದವು.