ಯಜಮಾನರ ಗೂಗಲ್ ಖಾತೆಗೆ ವಾರಸುದಾರರು ಯಾರು?

ಪ್ರಶ್ನೆ: ಯಜಮಾನರು ತೀರಿಕೊಂಡರು. ಬ್ಯಾಂಕಿನಲ್ಲಿ ನಾನೇ ನಾಮಿನಿ. ಮಕ್ಕಳ ಫೋಟೊ ಎಲ್ಲ ಅವರ ಗೂಗಲ್ ಖಾತೆಯಲ್ಲಿದೆ. ಹೊಸ ಡೇಟಾ ಕಾನೂನಿನ ಪ್ರಕಾರ ಕಂಪನಿ ನನಗೆ ಕೊಡಲೇಬೇಕಲ್ವಾ?

ಉತ್ತರ: ಇಲ್ಲ. ಎಷ್ಟು ಸಲ ಕೇಳಿದರೂ ಇಲ್ಲ. ಬ್ಯಾಂಕಿನ ನಾಮಿನಿ ಬ್ಯಾಂಕಿಗೆ ಮಾತ್ರ.

2023ರ ಡೇಟಾ ರಕ್ಷಣಾ ಕಾಯ್ದೆಯ 14ನೇ ಸೆಕ್ಷನ್ ನಾಮಿನಿಯ ಮಾತಾಡುತ್ತದೆ, ವಾರಸುದಾರರ ಮಾತಾಡುವುದಿಲ್ಲ. ಬದುಕಿದ್ದಾಗ ಯಜಮಾನರೇ ನಿಮ್ಮ ಹೆಸರು ಕೊಟ್ಟಿರಬೇಕು. 2025ರ ನವೆಂಬರ್‌ನಲ್ಲಿ ನಿಯಮ ಬಂತು, ಆದರೆ ಈ ಸೆಕ್ಷನ್ ಜಾರಿಗೆ 18 ತಿಂಗಳ ಗಡುವು ಇಟ್ಟಿದ್ದಾರೆ. ಜಾರಿಯಾದರೂ ನಾಮಿನಿ ಕೇಳಬಹುದಾದ್ದು ಡೇಟಾದ ಸಾರಾಂಶ, ತಿದ್ದುಪಡಿ, ಅಳಿಸುವಿಕೆ, ದೂರಿಗೆ ಪರಿಹಾರ ಇಂಥವಷ್ಟೇ. ಫೋಟೊಗಳನ್ನೆಲ್ಲ ಕೊಡಿ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಖಾಸಗಿತನದ ಹಕ್ಕು ಹಿಡಿದು ಹೊರಟರೂ ದಾರಿ ಮುಚ್ಚಿದೆ. ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ್ದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದ್ದು, ಆ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯಿತು ಎಂದು.

ಹಾಗಂತ ಕೈಕಟ್ಟಿ ಕೂರಬೇಡಿ. ಮೃತರ ಖಾತೆಗೆಂದೇ ಗೂಗಲ್‌ನಲ್ಲಿ ಒಂದು ಅರ್ಜಿ ಇದೆ. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಸಿದ್ಧವಿರಲಿ. ಪಾಸ್‌ವರ್ಡ್ ಅಂತೂ ಕೊಡುವುದಿಲ್ಲ. ಫೋಟೊ ಕೊಡುವುದು ಬಿಡುವುದು ಅವರ ಇಷ್ಟ. ತಡಮಾಡಬೇಡಿ, ಎರಡು ವರ್ಷ ಬಳಸದ ಖಾತೆಯನ್ನು ಅಳಿಸುವ ನೀತಿ ಅವರದು. ಯಜಮಾನರ ಸಿಮ್‌ಗೆ ರೀಚಾರ್ಜ್ ಹಾಕುತ್ತಿರಿ. ಬಿಟ್ಟರೆ ಆ ನಂಬರ್ ಬೇರೆಯವರ ಪಾಲಾಗುತ್ತದೆ, ಓಟಿಪಿ ಸಮೇತ.

ಮೊಬೈಲ್ ಅಂಗಡಿಯವನು ‘ಲಾಕ್ ತೆಗೆದುಕೊಡ್ತೀನಿ’ ಅಂದರೆ ಫೋನ್ ಕೊಡಲೇಬೇಡಿ. ಹೆಚ್ಚಿನವರಿಗೆ ಗೊತ್ತಿರುವುದು ರಿಸೆಟ್ ಒಂದೇ. ಲಾಕ್ ಹೋಗುತ್ತದೆ, ಜೊತೆಗೆ ಒಳಗಿನ ಫೋಟೊನೂ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಮುಂಗಡ ಕೇಳುವ ‘ಸೈಬರ್ ತಜ್ಞ’ರೂ ಅಷ್ಟೇ, ಸುಮ್ನೆ ದುಡ್ಡು ದಂಡ.

ಬದುಕಿರುವವರಿಗೆ ಒಂದು ಮಾತು. ಗೂಗಲ್‌ನ ‘ಇನಾಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ ಹತ್ತು ಜನರವರೆಗೆ ಹೆಸರು ಕೊಡಬಹುದು. ಎಷ್ಟು ತಿಂಗಳು ಕಾದು ಏನೇನು ಅವರ ಕೈಗೆ ಹೋಗಬೇಕು ಅಂತ ನೀವೇ ಗೊತ್ತುಮಾಡಬಹುದು. ಐಫೋನ್‌ನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಇದೆ, ಐದು ಜನರವರೆಗೆ. ಕಾಯ್ದೆಗೆ ಕಾಯದೆ ಇವತ್ತೇ ಮಾಡಿ. ನಾನಂತೂ ಹೆಂಡತಿ ಹೆಸರು ಹಾಕಿ, ಚಾಟ್ ಮಾತ್ರ ಹೊರಗಿಟ್ಟಿದ್ದೇನೆ. ನನಗೆ ಬರೆದವರಿಗೂ ಒಂದು ಗುಟ್ಟು ಇರುತ್ತದಲ್ವಾ?

ಪ್ರಶ್ನೆ: ಪಾಸ್‌ವರ್ಡ್‌ಗಳನ್ನು ವಿಲ್‌ನಲ್ಲಿ ಬರೆದು ವಾಟ್ಸಾಪ್ ಮಾಡಿದರೆ ಸಾಕಾ?

ಉತ್ತರ: ವಾಟ್ಸಾಪ್ ವಿಲ್ ವಿಲ್ಲೇ ಅಲ್ಲ. ಕಾಗದ, ಸಹಿ, ಇಬ್ಬರು ಸಾಕ್ಷಿಗಳು ಬೇಕು. ಕೋರ್ಟಿಗೆ ಹೋಗುವ ಕಾಗದದಲ್ಲಿ ಪಾಸ್‌ವರ್ಡ್ ಯಾರಾದರೂ ಬರೀತಾರಾ?

ಪ್ರಶ್ನೆ: ತೀರಿಹೋದ ಅಪ್ಪನ ಬಗ್ಗೆ ಫೇಸ್‌ಬುಕ್‌ನಲ್ಲಿ ಕೆಟ್ಟದಾಗಿ ಬರೆದಿದ್ದಾರೆ. ಏನೂ ಮಾಡೋಕಾಗಲ್ವಾ?

ಉತ್ತರ: ಆಗುತ್ತದೆ. ಮನೆಯವರನ್ನು ನೋಯಿಸುವ ಉದ್ದೇಶ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಅದು ಮಾನಹಾನಿ. ಪೋಸ್ಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ.